ಗುಂಪಿಗೆ ಒಂದೇ ಅಂಕ

ನೀತಿ ಕಲಿಸುವ ಕೆಲಸ ನನ್ನ ಪಾಲಿಗೆ ಬಂದದ್ದು ಅದು ಬೇರೆ ಯಾರಿಗೂ ಬೇಡವಾಗಿದ್ದರಿಂದ. ಪಿರಿಯಾಪಟ್ಟಣದ ಕಡೆಯ ಒಂದು ಕಾಲೇಜಿನಲ್ಲಿ ನಾನು ಸಸ್ಯಶಾಸ್ತ್ರದ ಅಧ್ಯಾಪಕಿ. ಮನೆ ಹುಣಸೂರಿನಲ್ಲಿ, ಬೆಳಿಗ್ಗೆ ಒಂದು ಬಸ್ಸು, ಸಂಜೆ ಒಂದು ಬಸ್ಸು. ಬಿ.ಎಸ್ಸಿ. ಕೊನೆಯ ವರ್ಷದವರಿಗೆ ವಿಜ್ಞಾನ ಮತ್ತು ನೈತಿಕತೆ ಎಂಬ ಹೊಸ ವಿಷಯ ಬಂದಾಗ ರಸಾಯನಶಾಸ್ತ್ರದವರು ತಮಗೆ ಲ್ಯಾಬ್ ಇದೆ ಎಂದರು, ಭೌತಶಾಸ್ತ್ರದವರು ತಮ್ಮಲ್ಲಿ ಜನ ಇಲ್ಲ ಎಂದರು. ನಮ್ಮ ವಿಭಾಗದ ಮುಖ್ಯಸ್ಥರು ನನ್ನ ಕಡೆ ತಿರುಗಿ, “ನಿಮಗೆ ಮಾತು ಚೆನ್ನಾಗಿ ಬರುತ್ತಲ್ಲ ಮೇಡಂ, ನೀವೇ ತಗೊಳ್ಳಿ” ಎಂದರು. ನನಗೆ ಚೆನ್ನಾಗಿ ಬರುವುದು ಬೈಗುಳ ಎನ್ನುವುದು ಅವರಿಗೂ ಗೊತ್ತಿತ್ತು.

ಮೊದಮೊದಲು ಎಲ್ಲರಂತೆ ನಾನೂ ಪಾಠ ಮಾಡಿದೆ. ಮನುಷ್ಯರ ಮೇಲೆ ಪ್ರಯೋಗ ಮಾಡುವ ಮುನ್ನ ಅವರಿಗೆ ಎಲ್ಲವನ್ನೂ ತಿಳಿಸಿ ಒಪ್ಪಿಗೆ ಪಡೆಯಬೇಕು ಎಂದೆ. ಎಲ್ಲರೂ ಬರೆದುಕೊಂಡರು. ಒಪ್ಪಿಗೆ ಇಲ್ಲದೆ ನಡೆದ ಘೋರಗಳನ್ನು ಒಂದೊಂದಾಗಿ ಹೇಳಿದೆ. ಅದನ್ನೂ ತಲೆ ಎತ್ತದೆ ಬರೆದುಕೊಂಡರು. ಕೊನೆಗೆ ಏನಾದರೂ ಕೇಳಬೇಕೆ ಎಂದಾಗ ಮುಂದಿನ ಬೆಂಚಿನಿಂದ ಒಬ್ಬಳು ಎದ್ದು, “ಮೇಡಂ, ಇದು ಎರಡು ಅಂಕದ್ದಾ, ಐದು ಅಂಕದ್ದಾ?” ಎಂದಳು. ಆವತ್ತು ಮನೆಗೆ ಬಂದು ಗಂಡನ ಮೇಲೆ ಕಾರಣವಿಲ್ಲದೆ ಕೂಗಾಡಿದೆ.

ಮರುವಾರ ಪಾಠ ನಿಲ್ಲಿಸಿದೆ. ತರಗತಿಯನ್ನು ಐದೈದು ಜನರ ಗುಂಪು ಮಾಡಿ, ನಿಮ್ಮ ನಿಮ್ಮ ಊರಿನಲ್ಲಿ, ನಿಮ್ಮ ಕಣ್ಣೆದುರಿಗೆ ಇರುವ ಒಂದು ಸಂಗತಿ ಆರಿಸಿಕೊಳ್ಳಿ, ಕೂತು ಜಗಳವಾಡಿ, ನಾಟಕ ಮಾಡಿ ತೋರಿಸಿ ಎಂದೆ. ಇಪ್ಪತ್ತು ಅಂಕ. ಮುಖ್ಯಸ್ಥರು ಒಪ್ಪಿದರು, ಒಂದು ಷರತ್ತು ಹಾಕಿ. ಅವರು ಕೆ.ಆರ್. ನಗರದವರು. ಚುಂಚನಕಟ್ಟೆಯ ಹತ್ತಿರ ನಾಲೆ ನೀರಿನ ಗದ್ದೆ ಇದೆ. ಮಧ್ಯಾಹ್ನ ಮೂರರ ಮೇಲೆ ಅವರ ದೇಹ ಮಾತ್ರ ಕಾಲೇಜಿನಲ್ಲಿರುತ್ತದೆ. “ಐದು ಜನಕ್ಕೆ ಐದು ಥರ ಅಂಕ ಕೊಟ್ರೆ ಐದು ಜನ ಅಪ್ಪಂದಿರು ಬಂದು ನಿಲ್ತಾರೆ. ಗುಂಪಿಗೆ ಒಂದೇ ಅಂಕ. ಬಂದ್ರೆ ಎಲ್ಲರಿಗೂ, ಹೋದ್ರೆ ಎಲ್ಲರಿಗೂ” ಎಂದು ಬೋರ್ಡಿನ ಮೇಲೆ ತಾವೇ ಬರೆದು ಸಹಿ ಹಾಕಿದರು. ನಾನು ಬೇಡವೆಂದೆ. ಅವರು ಸೀಮೆಸುಣ್ಣ ಒರೆಸಿಕೊಂಡು ಹೊರಟುಹೋದರು.

ಅಂತರಸಂತೆಯಿಂದ ಬಂದು ಹಾಸ್ಟೆಲಿನಲ್ಲಿದ್ದ ಹುಡುಗನ ಗುಂಪು ಆನೆ ತಡೆಯಲು ಬೇಲಿಗೆ ಕರೆಂಟು ಕೊಡುವ ವಿಷಯ ಆರಿಸಿಕೊಂಡಿತು. ಅವರಲ್ಲಿ ಆನೆಯಾದವನು ಸಾಯುವುದಕ್ಕೆ ಎಷ್ಟು ಹೊತ್ತು ತೆಗೆದುಕೊಂಡನೆಂದರೆ ಬೆಲ್ಲು ಹೊಡೆದರೂ ಒದ್ದಾಡುತ್ತಲೇ ಇದ್ದ. ಅದನ್ನು ನೆನೆದರೆ ಈಗಲೂ ನಗು ಬರುತ್ತದೆ. ನಾನು ಹೇಳಹೊರಟಿರುವುದು ಇನ್ನೊಂದು ಗುಂಪಿನ ಕಥೆ.

ಆ ಗುಂಪಿನ ನಾಯಕ ಹೊಗೆಸೊಪ್ಪು ಬೆಳೆಯುವ ದೊಡ್ಡ ಮನೆಯ ಹುಡುಗ. ಮನೆಯ ಹಿಂದೆಯೇ ಸೊಪ್ಪು ಹದ ಮಾಡುವ ಬ್ಯಾರನ್ನುಗಳು. ಬುದ್ಧಿವಂತ; ತರಗತಿಯಲ್ಲಿ ಅಂಕದ ಮಾತೆತ್ತದೆ ಪ್ರಶ್ನೆ ಕೇಳುತ್ತಿದ್ದವನು ಅವನೊಬ್ಬನೇ. ಅವನನ್ನು ಕಂಡರೆ ನನಗೆ ಇಷ್ಟವಿತ್ತು. ಅದೇ ಗುಂಪಿನಲ್ಲಿ ಅದೇ ಊರಿನ ಒಬ್ಬ ಹುಡುಗಿ, ಕೊನೆಯ ಬೆಂಚಿನವಳು, ಹಾಜರಿ ಕೂಗಿದಾಗ ಬಿಟ್ಟರೆ ಬಾಯಿ ತೆರೆಯದವಳು. ಅವಳ ತಾಯಿ ಆ ಹುಡುಗನ ಮನೆಯ ಬ್ಯಾರನ್ನಿನಲ್ಲಿ ಕೂಲಿ. ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟುವ ಕೆಲಸ. ಮೊದಲ ವರ್ಷ ಮಗಳನ್ನು ಸೇರಿಸಲು ಬಂದಾಗ ಆ ತಾಯಿ ನನ್ನ ಮೇಜಿನ ಮೇಲೆ ತನ್ನ ಎರಡೂ ಅಂಗೈ ಚಾಚಿ ತೋರಿಸಿದ್ದಳು. ಬೆರಳ ಸಂದಿಯಲ್ಲೆಲ್ಲ ಸೊಪ್ಪಿನ ಜಿಡ್ಡು ಕಪ್ಪಗೆ ಕೂತಿತ್ತು. “ಇದು ಯಾವ ಸೋಪಿಗೂ ಹೋಗಲ್ಲ ಕಣವ್ವ. ನನ್ನ ಮಗಳ ಕೈಗೆ ಇದು ಅಂಟ್ಬಾರ್ದು. ಅದ್ಕೆ ಓದುಸ್ತಿರದು” ಎಂದಿದ್ದಳು. ಈ ಗುಂಪಿನ ಕೆಲಸ ಬರುವ ತನಕ ಮಗಳು ಸೊಪ್ಪಿನ ಒಂದು ಎಲೆಯನ್ನೂ ಮುಟ್ಟಿರಲಿಲ್ಲ. ಮೈಸೂರಿನಲ್ಲಿ ಎಂ.ಎಸ್ಸಿ. ಮಾಡಬೇಕೆಂಬುದು ಅವಳ ಆಸೆ. ಸೀಟು ಸಿಗುವ ಅಂಚಿನಲ್ಲಿ ಅವಳ ಅಂಕಗಳು ನಿಂತಿದ್ದವು. ಇಪ್ಪತ್ತಕ್ಕೆ ಇಪ್ಪತ್ತು ಬಂದರೆ ಈಚೆ, ಇಲ್ಲವಾದರೆ ಆಚೆ.

ಹಸಿ ಹೊಗೆಸೊಪ್ಪು ಮಳೆಯಲ್ಲಿ ನೆನೆದಾಗ ಅದರ ವಿಷ ಚರ್ಮದಿಂದಲೇ ಒಳಗಿಳಿಯುತ್ತದೆ. ಕೆಲವು ಗಂಟೆ ಕಟ್ಟಿದರೆ ತಲೆ ತಿರುಗಿ ವಾಂತಿ ಶುರು. ಊರಿನಲ್ಲಿ ಅದಕ್ಕೆ ಗ್ಯಾಸ್ಟ್ರಿಕ್ ಎನ್ನುತ್ತಾರೆ. ಹೊಸಬರು ಕಕ್ಕಿಕೊಂಡರೆ ಹಳಬರು ನಕ್ಕು, ಮಜ್ಜಿಗೆ ಕುಡಿಸಿ, ಮತ್ತೆ ಕಡ್ಡಿಯ ಮುಂದೆ ಕೂರಿಸುತ್ತಾರೆ. ಈ ಗುಂಪು ನಾಟಕಕ್ಕೆ ಆರಿಸಿಕೊಂಡದ್ದು ಇದನ್ನೇ. ಸೊಪ್ಪು ಕಟ್ಟುವವರಿಗೆ ಅದರ ಅಪಾಯವನ್ನು ತಿಳಿಸದೆ ದುಡಿಸಿಕೊಳ್ಳುವುದು ಸರಿಯೇ ಎಂಬ ಪ್ರಶ್ನೆ. ಬ್ಯಾರನ್ನಿನ ಮನೆಯ ಹುಡುಗ ಬ್ಯಾರನ್ನಿನ ವಿರುದ್ಧವೇ ಕೇಳುತ್ತಾನಲ್ಲ ಎಂದು ನಾನು ಉಬ್ಬಿಹೋದೆ. ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದೆ.

ಆಗ ಸೊಪ್ಪು ಮುರಿಯುವ ಕಾಲ. ಜಡಿಮಳೆ ಹಿಡಿದಿತ್ತು, ಆಳು ಸಿಗುತ್ತಿರಲಿಲ್ಲ. ಹುಡುಗನ ಅಪ್ಪ ನನಗೆ ಫೋನು ಮಾಡಿ, “ಮಕ್ಳು ನಮ್ಮನೇಲೇ ಬಂದು ಪ್ರಾಕ್ಟೀಸ್ ಮಾಡ್ಲಿ ಬುಡಿ ಮೇಡಂ. ಬ್ಯಾರನ್ನೂ ನೋಡ್ದಂಗಾಯ್ತದೆ. ಊಟ ನಮ್ದೇ” ಎಂದರು. ಇಂಥ ಪೋಷಕರೂ ಇರುತ್ತಾರಲ್ಲ ಎಂದು ಸಂತೋಷದಿಂದ ಹೂಂ ಎಂದೆ. ಶನಿವಾರ, ಭಾನುವಾರ ಐದೂ ಜನ ಅಲ್ಲಿ ಇದ್ದರು. ಬೆಳಗಿನಿಂದ ಸಂಜೆಯ ತನಕ ಕೂತು ಸೊಪ್ಪು ಕಟ್ಟಿದರು. ದಾರಿಯಲ್ಲಿ ಹೋಗುವವರು ಕೇಳಿದಾಗ ಅಪ್ಪ ಹೇಳಿದ್ದು ಇಷ್ಟು: “ನಮ್ಮ ಹುಡುಗನ ಕಾಲೇಜ್ನೋರು. ಮುಯ್ಯಾಳಿಗೆ ಬಂದವ್ರೆ.”

ಮುಯ್ಯಾಳು ಎಂದರೆ ನಮ್ಮ ಕಡೆಯ ಹಳೆಯ ಪದ್ಧತಿ. ಇವತ್ತು ನೀನು ನನ್ನ ಹೊಲಕ್ಕೆ ಬಂದು ದುಡಿ, ನಾಳೆ ನಾನು ನಿನ್ನ ಹೊಲಕ್ಕೆ ಬಂದು ದುಡಿಯುತ್ತೇನೆ. ನಡುವೆ ಕೂಲಿಯ ಮಾತಿಲ್ಲ, ಊಟ ಮಾತ್ರ. ಅಪ್ಪನಿಗೆ ಇದರಲ್ಲಿ ಮೋಸ ಕಂಡಿರಲಿಲ್ಲ. ಗುಂಪಿನ ಕೆಲಸ ಎಂದು ಮೇಡಂ ಹೇಳಿದ್ದಾರೆ, ಗುಂಪು ಕೂತು ಕೆಲಸ ಮಾಡುವುದಕ್ಕೆ ಅವರಿಗೆ ಗೊತ್ತಿದ್ದ ಹೆಸರು ಮುಯ್ಯಾಳು. ಹೊಲವೇ ಇಲ್ಲದವರ ಮಗಳು ಆ ಗುಂಪಿನಲ್ಲಿದ್ದಾಳೆ, ಅವಳ ಮನೆಗೆ ಯಾರೂ ಯಾವತ್ತೂ ವಾಪಸ್ಸು ಬಂದು ದುಡಿಯುವುದಿಲ್ಲ ಎಂಬುದು ಅವರ ತಲೆಗೆ ಬರಲಿಲ್ಲ. ಇದೆಲ್ಲ ನನಗೆ ಆಮೇಲೆ ಗೊತ್ತಾದದ್ದು. ಬುಧವಾರ ಆ ಹುಡುಗಿ ವೇಲಿನ ತುದಿಯಲ್ಲಿ ಕಪ್ಪಾದ ಬೆರಳು ಮುಚ್ಚಿಕೊಂಡು ತರಗತಿಗೆ ಬಂದಾಗ ನಾಟಕಕ್ಕಾಗಿ ಬಣ್ಣ ಹಚ್ಚಿಕೊಂಡಿರಬೇಕು ಎಂದುಕೊಂಡೆ.

ಶುಕ್ರವಾರ ನಾಟಕ. ಹುಡುಗಿ ಕೂಲಿಯವಳ ಪಾತ್ರದಲ್ಲಿ ಸೊಪ್ಪು ಕಟ್ಟಿದಳು, ಬಾಗಿ ವಾಂತಿ ಮಾಡಿಕೊಂಡಂತೆ ನಟಿಸಿದಳು. ಬಿಳಿ ಕೋಟು ತೊಟ್ಟು ವಿಜ್ಞಾನಿಯಾಗಿದ್ದ ಹುಡುಗ ಮುಂದೆ ಬಂದು ನಿಂತ. ನಾಟಕ ಮುಗಿಯಿತೆಂದು ಎಲ್ಲರೂ ಚಪ್ಪಾಳೆಗೆ ಕೈ ಎತ್ತುವಾಗ, “ಈಗ ನಿಜ ಹೇಳ್ತೀನಿ” ಎಂದ.

“ಶನಿವಾರ, ಭಾನುವಾರ ನಾವು ಐದು ಜನ ನಿಜವಾಗ್ಲೂ ಸೊಪ್ಪು ಕಟ್ಟಿದ್ವಿ. ಮೂರು ಜನಕ್ಕೆ ರಬ್ಬರ್ ಗ್ಲೌಸ್ ಇತ್ತು. ಇಬ್ಬರಿಗೆ ಗ್ಲೌಸ್ ಮುಗ್ದೋಯ್ತು ಅಂತ ಸುಳ್ಳು ಹೇಳಿದ್ದೆ. ಅಟ್ಟದ ಮೇಲೆ ಇನ್ನೂ ಪ್ಯಾಕೆಟ್ಟು ಇತ್ತು. ಗ್ಲೌಸ್ ಹಾಕ್ಕೊಂಡೋರಿಗೆ ಏನೂ ಆಗಲಿಲ್ಲ. ಆ ಇಬ್ಬರೂ ವಾಂತಿ ಮಾಡಿದ್ರು. ಅದು ಪ್ರಯೋಗ ಅಂತ ಅವರಿಗೆ ಗೊತ್ತಿರಲಿಲ್ಲ. ಒಪ್ಪಿಗೆ ಅಂದ್ರೆ ಏನು ಅಂತ ಈಗ ನಿಮಗೆಲ್ಲ ಅರ್ಥ ಆಗಿರ್ಬೇಕು.”

ಚಪ್ಪಾಳೆ ಸಿಡಿಯಿತು. ಶಿಳ್ಳೆ ಬಿತ್ತು. ಗ್ಲೌಸ್ ಸಿಗದ ಇನ್ನೊಬ್ಬ ಹುಡುಗ, ಅವನೂ ಕೂಲಿಯವರ ಮನೆಯವನೇ, “ಲೇ, ನಂಗೇ ಆಟ ಕಟ್ಬುಟ್ಟಲ್ಲೋ!” ಎಂದು ಹಲ್ಲು ಕಿರಿದ. ಹುಡುಗಿ ಮಾತ್ರ ಕಡ್ಡಿ ಹಿಡಿದುಕೊಂಡು ನಿಂತಲ್ಲೇ ನಿಂತಿದ್ದಳು. ಅವಳಿಗೂ ವಿಷಯ ಗೊತ್ತಾದದ್ದು ಎಲ್ಲರ ಜೊತೆಗೇ, ವೇದಿಕೆಯ ಮೇಲೆ. ಮುಖ್ಯಸ್ಥರು ಎದ್ದು ನಿಂತು, “ಒರಿಜಿನಲ್ ಅಂದ್ರೆ ಇದು ಕಣ್ರೀ! ಇದನ್ನ ಮೈಸೂರಿನ ಸ್ಪರ್ಧೆಗೆ ಕಳಿಸೋಣ” ಎಂದರು.

ನನ್ನ ಮೈ ಉರಿದುಹೋಯಿತು. ಹುಡುಗನನ್ನು ಕರೆದು, ಯಾವ ಇಬ್ಬರಿಗೆ ಗ್ಲೌಸ್ ಕೊಡಬಾರದೆಂದು ಹೇಗೆ ಆರಿಸಿದೆ ಎಂದು ಕೇಳಿದೆ. “ಅವರ ಮನೆಯೋರಿಗೆ ಅಭ್ಯಾಸ ಇದೆಯಲ್ಲ ಮೇಡಂ” ಎಂದ. ಮುಖದಲ್ಲಿ ಕಪಟವಿರಲಿಲ್ಲ. ನೀತಿಯ ಮಾತು ಆಮೇಲಿರಲಿ, ಇದು ವಿಜ್ಞಾನವಾಗಿಯೂ ಕಸ ಎಂದೆ. ಪ್ರಯೋಗಕ್ಕೆ ಯಾರು ಎಂದು ಮೊದಲೇ ಜಾತಕ ನೋಡಿ ಗೊತ್ತು ಮಾಡುವವನು ವಿಜ್ಞಾನಿಯಲ್ಲ, ಮದುವೆ ದಲ್ಲಾಳಿ ಎಂದೆ. ಸೊನ್ನೆ ಹಾಕುತ್ತೇನೆ ಎಂದು ಎಲ್ಲರ ಎದುರಿಗೇ ಕೂಗಿದೆ.

“ಹಾಕಿ ಮೇಡಂ,” ಎಂದ ಹುಡುಗ. ಅವನಿಗೂ ಸಿಟ್ಟು ಬಂದಿತ್ತು. “ನಮ್ಮನೇಲಿ ಸೊಪ್ಪು ಕಟ್ಟೋರು ವರ್ಷ ವರ್ಷ ವಾಂತಿ ಮಾಡ್ತಾರೆ. ಇವರಮ್ಮನೂ ಮಾಡ್ತಾರೆ. ನೀವು ದಿನಾ ಬಸ್ಸಲ್ಲಿ ಅದೇ ದಾರೀಲಿ ಬರ್ತೀರ. ಒಂದಿನ ಇಳಿದು ಕೇಳಿದ್ರಾ? ಇವಳು ಒಂದ್ಸಲ ಮಾಡಿದ್ದಕ್ಕೆ ನೀತಿ ಬಂದ್ಬುಡ್ತಾ?”

ಉತ್ತರವಿಲ್ಲದಾಗ ನಾನು ಇನ್ನೂ ಜೋರಾಗಿ ಕೂಗುತ್ತೇನೆ, ಆವತ್ತೂ ಕೂಗಿದೆ.

ಸ್ಟಾಫ್ ರೂಮಿಗೆ ಹುಡುಗಿ ಬಂದಳು. ಮೂರು ವರ್ಷದಲ್ಲಿ ಅವಳು ನನ್ನ ಜೊತೆ ಆಡಿದ ಮೊದಲ ಉದ್ದನೆಯ ಮಾತು ಅದು. “ಸೊನ್ನೆ ಹಾಕ್ಬೇಡಿ ಮೇಡಂ. ಅವ್ನಿಗೆ ಬಂದಷ್ಟೇ ನಂಗೂ ಬರೋದು. ಅವ್ನಿಗೆ ಪೂರ್ತಿ ಕೊಡಿ.”

“ನಿನಗೆ ವಿಷ ಮುಟ್ಟಿಸಿದ್ದಾನೆ ಕಣೇ ಅವನು. ಎರಡು ದಿನ ಬಿಟ್ಟಿ ದುಡಿಸಿದ್ದಾನೆ.”

“ಗೊತ್ತು ಮೇಡಂ. ಅಮ್ಮಂಗಾದ್ರೆ ಕೂಲಿನಾರ ಕೊಡ್ತಿದ್ರು.” ಅವಳ ದನಿಯಲ್ಲಿ ಅಳು ಇರಲಿಲ್ಲ. “ಅಮ್ಮ ನನ್ನ ಕೈ ನೋಡಿ ಎರಡು ದಿನ ಮಾತಾಡ್ಸಿಲ್ಲ. ಅಂಕನೂ ಹೋದ್ರೆ ಇನ್ನೇನೈತೆ?”

ಮುಖ್ಯಸ್ಥರ ಹತ್ತಿರ ಹೋಗಿ ಅವಳೊಬ್ಬಳಿಗೆ ಬೇರೆ ಅಂಕ ಕೊಡೋಣ ಎಂದೆ. ಬೋರ್ಡಿನ ಮೇಲೆ ಬರೆದದ್ದು ಬರೆದದ್ದೇ ಎಂದರು. ಇಪ್ಪತ್ತಕ್ಕೆ ಇಪ್ಪತ್ತು ಹಾಕಿದೆ. ಕಾರಿಡಾರಿನಲ್ಲಿ ಸಿಕ್ಕ ಹುಡುಗ, “ನೋಡಿ ಮೇಡಂ, ಕೊನೆಗೆ ಅವಳೇ ಒಪ್ಕೊಂಡ್ಲು” ಎಂದು ನಕ್ಕ. ಅವನ ಕೆನ್ನೆಗೆ ಎರಡು ಬಿಡಬೇಕೆಂದು ಕೈ ತುರಿಸಿತು.

ಮೈಸೂರಿನ ಸ್ಪರ್ಧೆಯಲ್ಲಿ ಬೆಳಿಗ್ಗೆಯಿಂದ ಎಲ್ಲ ಗುಂಪುಗಳೂ ತಮ್ಮ ತಮ್ಮ ಮೇಜಿನ ಹತ್ತಿರ ವೇಷದಲ್ಲೇ ನಿಂತು ಬಂದವರಿಗೆ ವಿವರಿಸಬೇಕಿತ್ತು. ನಾಟಕ ಮಧ್ಯಾಹ್ನ ಊಟದ ಮೇಲೆ. ಸಾಮಾನಿನ ಚೀಲ ಹುಡುಗಿಯದು. ಹಸಿ ಸೊಪ್ಪು, ಕಡ್ಡಿ, ಕೋಟು, ಗ್ಲೌಸ್ ಎಲ್ಲ ಅವಳೇ ತಂದಿದ್ದಳು. ಹುಡುಗ ಬಿಳಿ ಕೋಟಿನ ಮೇಲೆ ಗ್ಲೌಸ್ ಎಳೆದುಕೊಳ್ಳುತ್ತ, “ಏನೇ ಇದು, ಒಳಗೆಲ್ಲ ಒದ್ದೆ” ಎಂದ. “ಬಸ್ಸಲ್ಲಿ ಸೋರ್ತಿತ್ತು, ಚೀಲ ನೆಂದೋಗದೆ” ಎಂದಳು. ಆವತ್ತು ಮಳೆಯೂ ಇತ್ತು. ಹುಡುಗನಿಗೆ ಆ ವೇಷ ಬಲು ಇಷ್ಟ. ಯಾರು ಫೋನು ಎತ್ತಿದರೂ ಗ್ಲೌಸಿನ ಕೈ ಕಟ್ಟಿಕೊಂಡು ಪೋಸು ಕೊಡುತ್ತಿದ್ದ. ಊಟಕ್ಕೆ ಕರೆದರೆ ಹಸಿವಿಲ್ಲ ಎಂದ. ಮುಖ ಸ್ವಲ್ಪ ಬೆಳ್ಳಗಾಗಿತ್ತು. ವೇದಿಕೆಯ ಭಯ ಇರಬೇಕೆಂದುಕೊಂಡು ನಾನು ಒಳಗೊಳಗೇ ಖುಷಿಪಟ್ಟೆ.

ನಾಟಕದಲ್ಲಿ ಹುಡುಗಿ ವಾಂತಿಯ ಪಾತ್ರವನ್ನು ಹಾಗೇ ಮಾಡಿದಳು. ವಿಜ್ಞಾನಿ ಮುಂದೆ ಬಂದು, “ಈಗ ನಿಜ ಹೇಳ್ತೀನಿ” ಎಂದ. ಮುಂದಿನ ಮಾತು ಬರಲಿಲ್ಲ. ಕಂಬ ಹಿಡಿಯಲು ಹೋಗಿ ಕುಸಿದು, ತೀರ್ಪುಗಾರರ ಮೇಜಿನ ಮುಂದೆಯೇ ಬೆಳಗಿನ ಇಡ್ಲಿಯನ್ನೆಲ್ಲ ಕಕ್ಕಿದ. ಜನ ಮೊದಲು ಬೆಚ್ಚಿದರು, ಆಮೇಲೆ ಅಭಿನಯ ಎಂದುಕೊಂಡು ಚಪ್ಪಾಳೆ ತಟ್ಟಿದರು. ಆಗ ಹುಡುಗಿ ಎದ್ದು, ವೇಲಿನಿಂದ ಬಾಯಿ ಒರೆಸಿಕೊಂಡು, ಮೈಕಿನ ಮುಂದೆ ಬಂದಳು.

“ಇವತ್ತು ಇವ್ರಿಗೆ ಗ್ಲೌಸ್ ಕೊಟ್ಟಿದ್ವಿ. ಗ್ಲೌಸ್ ಒಳಗೆ ಸೊಪ್ಪು ಜಜ್ಜಿ ರಸ ಹಿಂಡಿದ್ದೆ. ಇವ್ರಿಗೆ ಹೇಳಿರಲಿಲ್ಲ. ಒಪ್ಪಿಗೆ ಅಂದ್ರೆ ಏನು ಅಂತ ಈಗ ನಿಮಗೆಲ್ಲ ಅರ್ಥ ಆಗಿರ್ಬೇಕು.”

ಚಪ್ಪಾಳೆ ಇನ್ನೂ ಜೋರಾಯಿತು. ತೀರ್ಪುಗಾರರಲ್ಲಿ ಒಬ್ಬರು ಕಣ್ಣೊರೆಸಿಕೊಂಡರು. ಅದು ನಾಟಕದ ಮಾತಲ್ಲ ಎಂಬುದು ಆ ಸಭಾಂಗಣದಲ್ಲಿ ಗೊತ್ತಿದ್ದದ್ದು ನಮ್ಮ ಕಾಲೇಜಿನವರಿಗೆ ಮಾತ್ರ. ಹುಡುಗನನ್ನು ಆಟೋದಲ್ಲಿ ಆಸ್ಪತ್ರೆಗೆ ಒಯ್ದೆ. ಗ್ಲೂಕೋಸ್ ಏರಿಸಿದರು. ಸಂಜೆಯ ಹೊತ್ತಿಗೆ ಕೂತು ಬ್ರೆಡ್ ತಿಂದ. ಅವನ ತಲೆಯ ಹತ್ತಿರ ಸ್ಟೂಲಿನ ಮೇಲೆ ಕೂತು ನಾನು ಕರುಣೆಗಾಗಿ ನನ್ನೊಳಗೆ ಹುಡುಕಿದೆ. ಸಿಕ್ಕಿದ್ದು ಸಂತೋಷ. ಅವನು ಮಾಡಿದ್ದನ್ನೇ ಅವಳೂ ಮಾಡಿದ್ದಳು, ಅದು ತಪ್ಪೆಂದು ತರಗತಿಯಲ್ಲಿ ಪಾಠ ಹೇಳಿದವಳು ನಾನೇ. ಆದರೂ ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ.

ಬಸ್ಸಿನಲ್ಲಿ ಬರುವಾಗ ಯಾಕೆ ಹೀಗೆ ಮಾಡಿದೆ ಎಂದು ಹುಡುಗಿಯನ್ನು ಕೇಳಿದೆ. ಕಿಟಕಿಯ ಕಡೆ ನೋಡುತ್ತ ಹೇಳಿದಳು: “ಮುಯ್ಯಾಳಿಗೆ ಕರ್ಸ್ಕೊಂಡೋರು ನಮ್ಮನೆಗೂ ವಾಪಸ್ ಬರ್ಬೇಕಲ್ವಾ ಮೇಡಂ. ನಮಗೆ ಹೊಲ ಇಲ್ಲ. ಎಲ್ಲಿಗಂತ ಕರೀಲಿ? ಅದ್ಕೆ ಇಲ್ಲೇ ಮಾಡುಸ್ಕಂಡೆ.”

ಎರಡು ದಿನ ಬಿಟ್ಟು ಹುಡುಗನ ಅಪ್ಪ ಮಗನನ್ನು ಕರೆದುಕೊಂಡು ಕಾಲೇಜಿಗೆ ಬಂದರು. ಮುಖ್ಯಸ್ಥರ ಕೋಣೆಯಲ್ಲಿ ಕುರ್ಚಿಯನ್ನೂ ಎಳೆದುಕೊಳ್ಳದೆ ಗರ್ಜಿಸಿದರು. “ನಮ್ಮನೆ ಅನ್ನ ತಿಂದ್ಕಂಡು ಬೆಳ್ದು ನಮ್ಮ ಹುಡುಗನ್ಗೇ ವಿಷ ಹಾಕವ್ಳೆ! ಮೊದ್ಲು ಅವ್ಳಿಗೆ ಸೊನ್ನೆ ಹಾಕಿ. ಆಮೇಲೆ ಕಾಲೇಜಿಂದ ಆಚೆಗೆ ಕಳ್ಸಿ.”

“ಯಾವ ವಿಷ ಯಜಮಾನರೇ?” ಎಂದೆ.

“ಹೊಗೆಸೊಪ್ಪಿನ ರಸ ಕಣ್ರೀ! ಅದೇನು ಆಟದ ಸಾಮಾನಾ?”

“ಅದಾ? ನಿಮ್ಮ ಊರಲ್ಲಿ ಅದಕ್ಕೆ ಗ್ಯಾಸ್ಟ್ರಿಕ್ ಅಂತಾರಲ್ಲ. ಮಜ್ಜಿಗೆ ಕುಡಿಸಿದ್ರಾ?”

ಮುಖ್ಯಸ್ಥರು ನನ್ನ ಮೇಲೆ ಕಣ್ಣು ಬಿಟ್ಟು, ಹುಡುಗಿಗೆ ಸೊನ್ನೆ ಹಾಕೋಣ ಎಂದರು. ಹಾಕೋಣ ಸಾರ್, ಆದರೆ ಗುಂಪಿಗೆ ಒಂದೇ ಅಂಕ ಎಂದೆ. ಹೋದರೆ ಎಲ್ಲರಿಗೂ ಎಂದು ಬೋರ್ಡಿನ ಮೇಲೆ ಬರೆದು ಸಹಿ ಹಾಕಿದವರು ತಾವೇ ಎಂದೆ. ಹುಡುಗನೂ ಅದೇ ಎಂ.ಎಸ್ಸಿ. ಸೀಟಿನ ಕನಸಿನಲ್ಲಿದ್ದ. ಅಪ್ಪನ ಮುಖ ನೋಡಿದ, ನೆಲ ನೋಡಿದ. ಕೊನೆಗೆ, “ಅವಳಿಗೂ ಪೂರ್ತಿ ಕೊಡಿ ಮೇಡಂ” ಎಂದ.

“ಕೇಳಿಸಲಿಲ್ಲ. ಇನ್ನೊಂದ್ಸಲ ಹೇಳು” ಎಂದೆ. ನನಗೆ ಚೆನ್ನಾಗಿಯೇ ಕೇಳಿಸಿತ್ತು.

ಹುಡುಗಿಗೆ ಸೀಟು ಸಿಕ್ಕಿತು. ಹುಡುಗನಿಗೂ ಸಿಕ್ಕಿತು, ಇಬ್ಬರೂ ಈಗ ಒಂದೇ ಲ್ಯಾಬಿನಲ್ಲಿ ಕೂರುತ್ತಾರಂತೆ, ಮಾತಿಲ್ಲ. ನನ್ನ ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಅದನ್ನು ಸ್ಟಾಫ್ ರೂಮಿನಲ್ಲಿ ಹೇಳಿ ಹೇಳಿ ನಗಿಸುತ್ತಿದ್ದೆ. ನಾಲ್ಕೈದು ತಿಂಗಳು ಹಾಗೆ ನಗಿಸಿಯೂ ಇದ್ದೆ.

ಮರುವರ್ಷ ಸೊಪ್ಪು ಮುರಿಯುವ ಕಾಲದಲ್ಲಿ ಒಂದು ಬೆಳಿಗ್ಗೆ ಹುಣಸೂರಿನ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಪಿರಿಯಾಪಟ್ಟಣದ ಕಡೆಯಿಂದ ಬಂದ ಬಸ್ಸಿನಿಂದ ನಾಲ್ಕಾರು ಹೆಂಗಸರು ಬುತ್ತಿ ಹಿಡಿದು ಇಳಿದರು. ಅವರಲ್ಲಿ ಹುಡುಗಿಯ ತಾಯಿ ಇದ್ದಳು. ಇಷ್ಟು ದೂರ ಎಲ್ಲಿಗೆ ಎಂದು ಕೇಳಿದೆ.

“ಕೋಟೆ ತಾಲೂಕ್ ಕಡೀಕೆ, ಹತ್ತಿ ಬುಡುಸಕ್ಕೆ. ನಮ್ಮೂರಲ್ಲಿ ಯಾವ ಬ್ಯಾರನ್ನೋರೂ ಕರೀನಿಲ್ಲ. ಇವ್ಳ ಮಗ್ಳು ವಿಷ ಹಾಕ್ತಾಳೆ ಅಂತ ಸಾರ್ಕಂಡು ಬಂದವ್ರೆ. ಎರಡು ಬಸ್ಸು ಬದ್ಲಾಯುಸ್ಬೇಕು ಕಣವ್ವ.”

ಅವಳ ಕೈ ನೋಡಿದೆ. ಯಾವ ಸೋಪಿಗೂ ಹೋಗುವುದಿಲ್ಲ ಎಂದಿದ್ದ ಕಪ್ಪು ಹೋಗಿತ್ತು. ಬೆರಳ ತುದಿಯಲ್ಲಿ ಹತ್ತಿಕಾಯಿ ಗೀರಿದ ಗಾಯಗಳಿದ್ದವು. ಸಮಾಧಾನ ಹೇಳುವುದು ನನಗೆ ಬರುವ ವಿದ್ಯೆಯಲ್ಲ, ಆದರೂ ಹೇಳಿದೆ: ಹೋಗಲಿ ಬಿಡಿ, ಆ ವಿಷದಿಂದ ತಪ್ಪಿದಿರಿ, ಈ ವರ್ಷ ವಾಂತಿಯಂತೂ ಇಲ್ಲವಲ್ಲ.

“ನನ್ನ ಮಗ್ಳೂ ಹಿಂಗೇ ಅಂದ್ಲು. ‘ನಿನ್ನ ಅಲ್ಲಿಂದ ಬುಡುಸ್ದೆ ಕಣವ್ವ’ ಅಂತ.” ಕೋಟೆಯ ಬಸ್ಸು ಬಂದು ನಿಂತಿತು. ಅವಳು ಸೆರಗು ಸಿಕ್ಕಿಸಿಕೊಂಡು ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನನ್ನ ಕಡೆ ತಿರುಗಿದಳು. “ನೀವಿಬ್ರೂ ಓದ್ದೋರು. ಬುಡುಸ್ಲಾ ಅಂತ ನನ್ನ ಒಂದು ಮಾತು ಕೇಳುದ್ರಾ?”